ಕೊನೆಗೆ ಮುಟ್ಟಿದ ಕಿಟಕಿ

ಆ ದಾಖಲೆಯಲ್ಲಿ ಆರು ಭಾಗಗಳಿವೆ. ತಪ್ಪು ಇದ್ದದ್ದು ಐದನೆಯದರಲ್ಲಿ, ಒಂದೇ ಒಂದು ವಾಕ್ಯ. ಬರೆದವನು ನಾನು. ಅದರಿಂದ ಆದದ್ದನ್ನು ಆದ ಕ್ರಮದಲ್ಲಿ ಬರೆದಿಡುತ್ತೇನೆ. ನಾನು ಕಣ್ಣಾರೆ ನೋಡದ್ದನ್ನು ಯಾರು ಹೇಳಿದರೆಂಬುದನ್ನೂ ಹೇಳುತ್ತೇನೆ.

ನಾನು ಔರಾದಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಹುಟ್ಟಿದ್ದು ಸಂತಪುರ, ಈಗ ಮನೆ ಬೀದರಿನಲ್ಲಿ. ಮೊದಲು ಬೀದರಿನಲ್ಲೇ ಬೇರೊಂದು ಕಾಲೇಜಿನಲ್ಲಿದ್ದೆ. ಅಲ್ಲಿ ನನಗಿಂತ ಹತ್ತು ವರ್ಷ ಹಿರಿಯರಾದ ಉಪನ್ಯಾಸಕರೊಬ್ಬರಿದ್ದರು. ಭಾಲ್ಕಿಯವರು, ದಿನಾ ರೈಲಿಗೆ ಬಂದು ಹೋಗುವವರು. ನಾನು ಅವರಿಗೆ ಸರ್ ಎನ್ನುತ್ತಿದ್ದೆ. ನಾನು ಪಾಠ ಮಾಡುವವನಲ್ಲವೆಂದು ಗೊತ್ತಿದ್ದೂ ಅವರು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು.

ಸರ್ ಮೌಸ್ ಮುಟ್ಟುತ್ತಿರಲಿಲ್ಲ. ಕೈ ಕೀಬೋರ್ಡಿನಿಂದ ಏಳಬಾರದು ಎಂಬುದು ಅವರ ಹಟ. ಅದಕ್ಕಾಗಿ ತಮ್ಮ ಪರದೆಗೆ ತಾವೇ ಒಂದು ಪ್ರೋಗ್ರಾಮ್ ಬರೆದುಕೊಂಡಿದ್ದರು. ಬೇರೆಯವರ ಕಂಪ್ಯೂಟರಿನಲ್ಲಿ ತೆರೆದ ಕಿಟಕಿಗಳು ಒಂದರ ಮೇಲೊಂದು ಬೀಳುತ್ತವೆ, ಅಡಿಯದನ್ನು ಹುಡುಕಿ ಎಳೆಯಬೇಕು. ಸರ್ ಪರದೆಯಲ್ಲಿ ಹಾಗಾಗುತ್ತಿರಲಿಲ್ಲ. ನೆಲಕ್ಕೆ ಪರಶಿ ಕಲ್ಲು ಕೂರಿಸಿದಂತೆ ಪ್ರತಿಯೊಂದು ಕಿಟಕಿಗೂ ಅದರದೇ ಜಾಗ; ಹೊಸದು ಬಂದರೆ ಉಳಿದವು ಸರಿದು ಎಡೆ ಕೊಡುತ್ತವೆ, ಒಂದು ಹೋದರೆ ಉಳಿದವು ಹಿಗ್ಗಿ ಆ ಜಾಗ ತುಂಬುತ್ತವೆ. ಎಲ್ಲವೂ ಕೀ ಒತ್ತಿದರೆ ಆಗಬೇಕು.

ಅವರಿಗೆ ಕಾಯಿಲೆ ಬಂದದ್ದು ಆಮೇಲೆ. ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಬುದ್ಧಿ, ಕಣ್ಣು, ಕಿವಿ ಹಾಗೇ ಇರುತ್ತವೆ. ಹೈದರಾಬಾದಿನ ಡಾಕ್ಟರು ಇದಕ್ಕೆ ಔಷಧಿಯಿಲ್ಲ ಎಂದು ನೇರವಾಗಿಯೇ ಹೇಳಿದ್ದರು. ಮೊದಲು ಎಡಗಾಲು, ಆಮೇಲೆ ಎಡಗೈ, ಆಮೇಲೆ ನಾಲಿಗೆ ತೊದಲಲು ಶುರುವಾಯಿತು. ಆ ಹೊತ್ತಿಗೆ ಅವರು ಕೆಲಸ ಬಿಟ್ಟು ಭಾಲ್ಕಿಯ ಮನೆಯಲ್ಲಿದ್ದರು. ನಾನು ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಒಂದು ಭಾನುವಾರ ಅವರು ಹೇಳಿದರು:

"ಮಾಸ್ತರ, ನನ್ನ ಬಾಯಿ ಬಂದ್ ಆಗೂದರಾಗ ಎಲ್ಲಾ ಬರಕೋರಿ. ಕೋಡ್ ಓದಿ ತಿಳಕೋತೀನಿ ಅಂದ್ರ ನಿಮಗ ಈ ಜನ್ಮ ಸಾಲಂಗಿಲ್ಲ."

"ಅಷ್ಟು ಕೆಟ್ಟ ಬರದೀರೇನ್ರಿ ಸರ್?"

"ಆರು ತಿಂಗಳಾದ ಮ್ಯಾಲ ನನಗs ತಿಳಿಯಂಗಿಲ್ಲ. ನಿಮಗೇನ್ ತಿಳೀತದ."

ಅವರ ಆಸೆ ಇಷ್ಟು: ತಮ್ಮ ಹಾಗೆ ಕೈ ಹೋಗುತ್ತಿರುವವರು ಇನ್ನೂ ಎಲ್ಲೆಲ್ಲೋ ಇದ್ದಾರೆ, ಅವರಿಗೆ ಈ ಪ್ರೋಗ್ರಾಮ್ ಸಿಗಬೇಕು. ಒಂದು ಬೆರಳು ಹೋದಾಗ ಆ ಬೆರಳಿನ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿಕೊಡಲು ಮನೆಯ ಯಾರಾದರೊಬ್ಬರಿಗೆ ಬರಬೇಕು. ಅದಕ್ಕೆ ಒಳಗಿನ ರಚನೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದಿಡಬೇಕು. ಸ್ವತಃ ಸರ್‌ಗೂ ಅದೇ ಬೇಕಾಗಿತ್ತು. ತಮ್ಮ ಬೆರಳು ಹೋದಂತೆ ಪ್ರೋಗ್ರಾಮ್ ತಿದ್ದಿಕೊಡಲು ಇದ್ದವನು ನಾನೊಬ್ಬನೇ.

ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ. ಎರಡು ಓಣಿ ಆಚೆಯ ಶಾಲೆಯಲ್ಲಿ ಅವರು ಶಿಕ್ಷಕಿ. ಕಾಯಿಲೆ ಹೆಚ್ಚಾದಾಗ ಒಂದು ವರ್ಷ ರಜೆಯಲ್ಲಿದ್ದರು. ಮತ್ತೆ ಶಾಲೆಗೆ ಹೋಗಲು ಸಾಧ್ಯವಾದದ್ದು ಆ ಪ್ರೋಗ್ರಾಮಿನಿಂದ. ಮಾತು ಪೂರ್ತಿ ಹೋಗುವ ಮೊದಲು ಸರ್ ತಮ್ಮದೇ ದನಿಯಲ್ಲಿ ಐದು ಮಾತು ರೆಕಾರ್ಡ್ ಮಾಡಿಟ್ಟಿದ್ದರು. ಪರದೆಯ ಬಲಗಡೆ ಒಂದು ಕಿಟಕಿ. ಅದನ್ನು ನಾವು ಕರೆಯುವ ಕಿಟಕಿ ಎನ್ನುತ್ತಿದ್ದೆವು. ಅದರಲ್ಲಿ 'ನ' ಒತ್ತಿದರೆ "ನೀರು ಬೇಕು", 'ಕ' ಒತ್ತಿದರೆ "ಕಫ ಬಂದದ, ಜಲ್ದಿ ಬರ್ರಿ" ಎಂದು ಸ್ಪೀಕರಿನಲ್ಲಿ ಗಟ್ಟಿಯಾಗಿ ಕೇಳುತ್ತಿತ್ತು. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯ ಮೌಶಿ ಕೇಳಿಸಿಕೊಂಡು ಬರುತ್ತಿದ್ದರು. ಕಫ ಎಳೆಯುವ ಯಂತ್ರ ಹಚ್ಚುವುದನ್ನು ವೈನಿ ಅವರಿಗೆ ಕಲಿಸಿದ್ದರು. ಎಡಗಡೆಯದು ಬರೆಯುವ ಕಿಟಕಿ. ಅದರಲ್ಲಿ ಸರ್ ನನಗೆ ಉತ್ತರ ಬರೆಯುತ್ತಿದ್ದರು, ದಿನಕ್ಕೆ ಹತ್ತು ಸಾಲು.

ರೆಕಾರ್ಡ್ ಮಾಡಿದ ದಿನ ನಾನಿದ್ದೆ. ವೈನಿ ನಕ್ಕು, "ಕೇಳಿದ್ರೇನ್ ಭಾವೋಜಿ, ಲಗ್ನ ಆದಾಗಿಂದ ನನಗ ಒಮ್ಮಿಯರೆ 'ರಿ' ಹಚ್ಚಿದವರಲ್ಲ. ಮಷೀನ್‌ನ್ಯಾಗ ನೋಡ್ರಿ, ಬರ್ರಿ ಅಂತ!" ಎಂದರು.

ಸರ್ ಅಷ್ಟು ದೊಡ್ಡ ಮಾತು ಕೂಡಿಸಲು ಸುಮಾರು ಹೊತ್ತು ತೆಗೆದುಕೊಂಡು, "ಅದು... ಮೌಶಿಗೆ. ನಿನಗಲ್ಲ" ಎಂದರು. ನಾನು ಅವರ ಬಾಯಿಂದ ಕೇಳಿದ ಕೊನೆಯ ಪೂರ್ತಿ ವಾಕ್ಯ ಅದು.

ದಾಖಲೆಯ ಮೊದಲ ಭಾಗ ಪರದೆಯದು. ಎರಡನೆಯದು ಹಲಗೆಗಳದು: ಪರದೆ ಒಂದೇ ಆದರೂ ಅದರ ಹಿಂದೆ ಹಲವು ಹಲಗೆಗಳಿರುತ್ತವೆ, ಒಂದು ಸಲಕ್ಕೆ ಒಂದು ಕಾಣುತ್ತದೆ. ಮೂರನೆಯದು ಚೌಕಟ್ಟುಗಳದು. ಹಲಗೆಯಲ್ಲಿ ಚೌಕಟ್ಟು ಇರುತ್ತದೆ, ಚೌಕಟ್ಟಿನೊಳಗೆ ಕಿಟಕಿಗಳಿರಬಹುದು, ಇಲ್ಲವೇ ಇನ್ನೂ ಸಣ್ಣ ಚೌಕಟ್ಟುಗಳಿರಬಹುದು, ಹೀಗೆ ಒಂದರೊಳಗೊಂದು. ಓದುವವರಿಗೆ ತಿಳಿಯಲೆಂದು ನಾನು ಚೌಕಟ್ಟಿಗೆ ಮನೆಯ ಹೋಲಿಕೆ ಕೊಟ್ಟೆ, ಒಳಗಿನ ಕಿಟಕಿಗಳಿಗೆ ಅಣ್ಣತಮ್ಮಂದಿರ ಹೋಲಿಕೆ ಕೊಟ್ಟೆ. ಸರ್ ಅದನ್ನು ಓದಿ 'ನಡೀತದ' ಎಂದು ಬರೆದರು.

ನಾಲ್ಕನೆಯ ಭಾಗ ಎಲ್ಲಕ್ಕಿಂತ ಮುಖ್ಯದ್ದು. ಪ್ರತಿ ಚೌಕಟ್ಟೂ ತನ್ನೊಳಗಿನ ಕಿಟಕಿಗಳ ಎರಡು ಪಟ್ಟಿ ಇಟ್ಟುಕೊಳ್ಳುತ್ತದೆ. ಎರಡರಲ್ಲೂ ಇರುವುದು ಅವೇ ಕಿಟಕಿಗಳು, ಕ್ರಮ ಮಾತ್ರ ಬೇರೆ. ಒಂದರಲ್ಲಿ ಕೂತ ಕ್ರಮ: ಎಡದಿಂದ ಬಲಕ್ಕೆ. ಇನ್ನೊಂದರಲ್ಲಿ ಮುಟ್ಟಿದ ಕ್ರಮ: ಕೊನೆಗೆ ಕೆಲಸ ಮಾಡಿದ ಕಿಟಕಿ ಎಲ್ಲಕ್ಕಿಂತ ಮುಂದೆ. ಇದನ್ನು ನಾನು ಸರಿಯಾಗಿಯೇ ಬರೆದೆ, ಕೋಡಿನೊಂದಿಗೆ ಸಾಲು ಸಾಲು ಹೋಲಿಸಿ ನೋಡಿದೆ.

ಐದನೆಯದು, ಕಿಟಕಿ ಮುಚ್ಚಿದಾಗ ಏನಾಗುತ್ತದೆ ಎಂಬುದು. ಕೀ ಒತ್ತಿದರೆ ಅಕ್ಷರ ಯಾವ ಕಿಟಕಿಗೆ ಹೋಗುತ್ತದೋ ಆ ಕಿಟಕಿಗೆ ಗಮನ ಇದೆ ಎನ್ನುತ್ತೇವೆ. ಗಮನವಿದ್ದ ಕಿಟಕಿಯೇ ಮುಚ್ಚಿಹೋದರೆ ಗಮನ ಯಾರಿಗೆ? ಆ ಭಾನುವಾರ ಸರ್ ಬಹಳ ದಣಿದಿದ್ದರು. ಎಡಗೈ ಹೋಗಿ ಆಗಲೇ ತಿಂಗಳುಗಳಾಗಿದ್ದವು. ಬಲಗೈಯಲ್ಲಿ ತೋರುಬೆರಳು, ಅದರ ಪಕ್ಕದ್ದು, ಎರಡೇ. ನಾನು ಪ್ರಶ್ನೆ ಕೇಳುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಎಬ್ಬಿಸಲಿಲ್ಲ. ಬೀದರಿಗೆ ಬರುವ ಬಸ್ಸಿನಲ್ಲಿ ಕೂತು ಬರೆದೆ: 'ಒಂದು ಕಿಟಕಿ ಹೋದರೆ ಗಮನ, ಕೂತ ಕ್ರಮದಲ್ಲಿ ಮೊದಲಿರುವ ಕಿಟಕಿಗೆ ಬರುತ್ತದೆ.'

ಯಾಕೆ ಹಾಗೆ ಬರೆದೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿದ್ದೇನೆ. ಸಂತಪುರದಲ್ಲಿ ನಮ್ಮ ಅಜ್ಜ ತೀರಿದಾಗ ಹದಿಮೂರನೆಯ ದಿನ ಮಂದಿಯೆಲ್ಲ ಸೇರಿ ಹಿರಿಯ ಮಗನೆಂದು ನಮ್ಮಪ್ಪನ ತಲೆಗೆ ರುಮಾಲು ಸುತ್ತಿದರು. ಕೊನೆಯ ಆರು ವರ್ಷ ಅಜ್ಜನ ಜೊತೆ ಹೊಲದಲ್ಲೂ ಹಾಸಿಗೆಯ ಪಕ್ಕದಲ್ಲೂ ಇದ್ದವನು ನನ್ನ ಸಣ್ಣ ಕಾಕಾ. ಅವನು ಹಿಂದೆ ನಿಂತು ಅಕ್ಕಿಯ ತಟ್ಟೆ ಹಿಡಿದಿದ್ದ. ಯಾರಿಗೂ ಅದರಲ್ಲಿ ಏನೂ ತಪ್ಪೆನಿಸಲಿಲ್ಲ, ನನಗೂ ಅನಿಸಿರಲಿಲ್ಲ. ಒಬ್ಬ ಹೋದರೆ ಹಿರಿಯನಿಗೆ. ಅಣ್ಣತಮ್ಮಂದಿರ ಹೋಲಿಕೆ ಕೊಟ್ಟ ಮೇಲೆ ಈ ವಾಕ್ಯ ತಾನಾಗಿ ಬಂತು. ಉಳಿದೆಲ್ಲ ವಾಕ್ಯಗಳನ್ನು ಕೋಡಿನಲ್ಲಿ ಹುಡುಕಿ ನೋಡಿದವನು ಇದೊಂದನ್ನು ನೋಡಲಿಲ್ಲ.

ಮುಂದಿನ ವಾರ ಸರ್‌ಗೆ ತೋರಿಸಿದೆ. ನಾಲ್ಕನೆಯ ಭಾಗದವರೆಗೆ ಅವರು ಓದಿದ್ದು ನಿಜ. ಐದನೆಯದು ಬಂದಾಗ ನನ್ನ ಬಸ್ಸಿನ ಹೊತ್ತಾಗಿತ್ತು. ಅವರು ಓದಿ ಮುಗಿಸುವ ಮೊದಲೇ ಪುಟ ತಿರುವಿದವನು ನಾನು.

ಜೂನ್ ಕೊನೆಗೆ ಅವರಿಗೆ ಎರಡು ಕೀಗಳನ್ನು ಕೂಡಿಸಿ ಒತ್ತುವುದು ಕಷ್ಟವಾಯಿತು. ಆದಷ್ಟು ಕೆಲಸಗಳು ಒಂದೇ ಕೀಯಿಂದ ಆಗುವಂತೆ ನಾನು ಪ್ರೋಗ್ರಾಮ್ ತಿದ್ದಿದೆ. ಕಿಟಕಿ ಮುಚ್ಚುವ ಭಾಗ ಎಲ್ಲಕ್ಕೂ ತೊಡಕಿಕೊಂಡಿತ್ತು. ಹಳೆಯದನ್ನು ಬಿಡಿಸುತ್ತ ಕೂರುವ ಬದಲು ತೆಗೆದುಹಾಕಿ, ನನ್ನ ದಾಖಲೆಯ ಐದನೆಯ ಭಾಗವನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆದೆ. ಪರೀಕ್ಷೆಯನ್ನೂ ಮಾಡಿದೆ. ಎಡಗಡೆಯ ಬರೆಯುವ ಕಿಟಕಿಯಲ್ಲಿ ಇದ್ದುಕೊಂಡು ಮೂರನೆಯದೊಂದನ್ನು ತೆರೆದು ಮುಚ್ಚಿದೆ. ಗಮನ ಎಡಕ್ಕೇ ಬಂತು. ಸರಿ ಇದೆ ಎಂದುಕೊಂಡೆ. ಬಲಗಡೆಯ ಕಿಟಕಿಯಿಂದ ಪರೀಕ್ಷಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಒಬ್ಬರೇ ಇರುವಾಗ ಸರ್ ಗಮನವನ್ನು ಕರೆಯುವ ಕಿಟಕಿಯಲ್ಲಿ ಇಟ್ಟಿರಬೇಕೆಂಬುದು ನಮ್ಮ ನಿಯಮ. ಶ್ರಾವಣದ ಒಂದು ಮಂಗಳವಾರ ಮಧ್ಯಾಹ್ನ ಹಾಗೆಯೇ ಇಟ್ಟಿದ್ದರು. ವೈನಿ ಶಾಲೆಯಲ್ಲಿದ್ದರು. ಕರೆಂಟ್ ಹೋಯಿತು. ಕಂಪ್ಯೂಟರ್ ಬ್ಯಾಟರಿಯ ಮೇಲೆ ನಡೆಯಿತು, ಅಕ್ಷರ ಕಾಣದಷ್ಟು ಪರದೆ ಮಬ್ಬಾಯಿತು. ಬ್ಯಾಟರಿ ಇಳಿಯುತ್ತಿದೆ ಎಂಬ ಸೂಚನೆಯ ಸಣ್ಣ ಕಿಟಕಿ ತೆರೆದು, ಹತ್ತು ಸೆಕೆಂಡು ಇದ್ದು, ತಾನೇ ಮುಚ್ಚಿಕೊಂಡಿತು. ಸರ್ ಬರೆದ ಹಳೆಯ ಕೋಡಿನಲ್ಲಿ ಗಮನ ಕೊನೆಗೆ ಮುಟ್ಟಿದ ಕಿಟಕಿಗೆ, ಎಂದರೆ ಕರೆಯುವ ಕಿಟಕಿಗೆ ಮರಳುತ್ತಿತ್ತು. ನಾನು ಬರೆದದ್ದರಲ್ಲಿ ಎಡಕ್ಕೆ ಹೋಯಿತು. ಇಷ್ಟನ್ನು ನಾನು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ಲಾಗ್‌ನಿಂದ ಆಮೇಲೆ ತಿಳಿದುಕೊಂಡೆ.

ಮುಂದಿನದನ್ನು ಮೌಶಿ ಹೇಳಿದರು:

"ಕರೆಂಟ್ ಹೋಗಿತ್ತು ನೋಡ್ರಿ. ಇವರ ಮನ್ಯಾಗೂ ಹೋಗ್ಯಾದೇನಂತ ಕೇಳಾಕ ಬಂದೆ. ಬಾಗಲ್ದಾಗ ನಿಂತು ಕರದೆ. ಆ ಮಾತಾಡೂ ಡಬ್ಬಿ ಏನೂ ಅನ್ನಲಿಲ್ಲ. ಮಲಗ್ಯಾರಂತ ಹೊಳ್ಳಿ ಹೋಗಾಕಿ ಇದ್ದೆ, ದೇವರs ನಿಲ್ಲಿಸ್ದ. ಒಳಗ ನೋಡ್ತೀನಿ, ತುಟಿ ನೇರಳಿ ಹಣ್ಣಾಗ್ಯಾವ. ಬೆರಳು ಮಾತ್ರ ಕುಟುಕುಟು ಕುಟುಕುಟು."

ಮೌಶಿ ಯಂತ್ರ ಹಚ್ಚಿ ಕಫ ಎಳೆದರು, ವೈನಿಗೆ ಹೇಳಿ ಕಳಿಸಿದರು. ಸಂಜೆಯೊಳಗೆ ಸರ್ ಅವರನ್ನು ಬೀದರಿನ ದವಾಖಾನೆಗೆ ಸೇರಿಸಿದರು. ಕಫ ಎದೆಗಿಳಿದು ಸೋಂಕಾಗಿತ್ತು.

ಮರುದಿನ ವೈನಿ ಫೋನ್ ಮಾಡಿ, ಮನೆಯಲ್ಲಿ ಹಳೆಯ ರಿಪೋರ್ಟುಗಳ ಫೈಲಿದೆ, ತಂದುಕೊಡಿ ಎಂದರು. ಭಾಲ್ಕಿಗೆ ಹೋಗಿ ಮೌಶಿಯಿಂದ ಕೀಲಿ ಇಸಿದುಕೊಂಡೆ. ಫೈಲು ಸಿಕ್ಕಿತು. ಕಂಪ್ಯೂಟರ್ ಹಾಸಿಗೆಯ ಪಕ್ಕದಲ್ಲೇ ಇತ್ತು. ಬಂದ್ ಮಾಡೋಣವೆಂದು ಪರದೆ ತೆರೆದೆ. ಬರೆಯುವ ಕಿಟಕಿಯಲ್ಲಿ ಹಿಂದಿನ ದಿನ ಮುಂಜಾನೆ ಅವರು ನನಗಾಗಿ ಬರೆಯುತ್ತಿದ್ದ ಒಂದು ವಾಕ್ಯ ಅರ್ಧಕ್ಕೆ ನಿಂತಿತ್ತು. ಅದರ ಮುಂದೆ ಮೂರೂವರೆ ಸಾಲು ಬರೀ 'ಕ' ಇತ್ತು. ನಡುವೆ ಒಂದು ಕಡೆ ಎರಡು 'ನ'. ಆಮೇಲೆ ಮತ್ತೆ 'ಕ'. ಕೊನೆಯ ಸಾಲಿನಲ್ಲೂ ಬೇರೊಂದು ಅಕ್ಷರ ಬಿದ್ದಿರಲಿಲ್ಲ. ಪ್ರತಿ ಸಲ ಬೆರಳು ಸರಿಯಾದ ಕೀಯ ಮೇಲೇ ಬಿದ್ದಿತ್ತು.

ಒಂದು ತಾಸಿನೊಳಗೆ ಕೋಡಿನಲ್ಲಿ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು. ತಿದ್ದಿದೆ. ಈ ಸಲ ಎಡದಿಂದಲೂ ಬಲದಿಂದಲೂ ಪರೀಕ್ಷಿಸಿದೆ. ಬಾಗಿಲು ಹಾಕಿ, ಫೈಲು ಹಿಡಿದು ಬೀದರಿಗೆ ಬಂದೆ.

ದವಾಖಾನೆಯಲ್ಲಿ ವೈನಿ ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. "ಬೆರಳಾಗೂ ಶಕ್ತಿ ಹೋತು ಭಾವೋಜಿ. ಒತ್ತಾಕ ಆಗಿಲ್ಲ, ಇಲ್ಲಾ ಎಲ್ಲೋ ಒತ್ಯಾರ. ಇನ್ನ ಅದರ ಮ್ಯಾಲ ಬಿಟ್ಟು ಹೋಗಾಕ ಬರೂದಿಲ್ಲ. ನಾ ಸಾಲಿ ಬಿಡ್ತೀನಿ."

ಸರ್ ಮಲಗಿದ್ದರು, ಮೂಗಿಗೆ ಆಕ್ಸಿಜನ್. ಬಲಗೈ ಹೊದಿಕೆಯ ಮೇಲಿತ್ತು. ತೋರುಬೆರಳು ಬಟ್ಟೆಯ ಮೇಲೆ ಒತ್ತಿ ಏಳುತ್ತಿತ್ತು, ಸ್ವಲ್ಪ ಬಲಕ್ಕೆ ಸರಿದು ಮತ್ತೆ ಒತ್ತುತ್ತಿತ್ತು.

"ನೋಡ್ರಿ, ತಾನs ತಾನ ಅಳ್ಳಾಡ್ತದ," ಎಂದು ವೈನಿ ಆ ಬೆರಳನ್ನು ತಮ್ಮ ಅಂಗೈಯೊಳಗೆ ಮೆಲ್ಲಗೆ ಒತ್ತಿ ಹಿಡಿದರು. "ನರ ಹಾರತಾವಂತ. ಗಪ್ಪ ಇರ್ರಿ, ಗಪ್ಪ."

ಸರ್ ಕಣ್ಣು ನನ್ನ ಕಡೆ ತಿರುಗಿತು. ನರ ಹಾರುತ್ತಿಲ್ಲವೆಂದು ನನಗೆ ಗೊತ್ತಿತ್ತು. ಕೀಬೋರ್ಡಿಲ್ಲದ ಬಟ್ಟೆಯ ಮೇಲೆ ಅವರು ಬರೆಯುತ್ತಿದ್ದರು. ಆಗ ಹೇಳಬಹುದಿತ್ತು. ಅವರು ಇಷ್ಟು ಕಷ್ಟದಲ್ಲಿರುವಾಗ ಈಗ ಬೇಡ, ಜ್ವರ ಇಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ವೈನಿ ಚಾ ತರಿಸಿದರು, ಕುಡಿದೆ. ಆ ವಾರ ಇನ್ನೂ ಎರಡು ಸಲ ಹೋದೆ. ಎರಡು ಸಲವೂ ಹೇಳಲಿಲ್ಲ. ನಿಜವಾದ ಕಾರಣ ಹೆದರಿಕೆ.

ಸರ್ ಅವರನ್ನು ಮನೆಗೆ ಕರೆತಂದ ಮೇಲೆ ಭಾಲ್ಕಿಗೆ ಹೋದೆ. ಕೀಬೋರ್ಡು, ಸ್ಪೀಕರು, ಕಂಪ್ಯೂಟರು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ಇಟ್ಟಿದ್ದರು.

"ಇದನ್ನ ನೀವs ಒಯ್ರಿ ಭಾವೋಜಿ," ಎಂದರು ವೈನಿ. "ಔರಾದದ ಹುಡುಗರಿಗೆ ಕೆಲಸಕ್ಕ ಬರ್ತದ. ಇಲ್ಲಿದ್ರ ದಿನಾ ಕಣ್ಣಿಗೆ ಬೀಳ್ತದ."

ಚೀಲದ ಹಿಡಿಕೆ ನನ್ನ ಕೈಯಲ್ಲಿತ್ತು. ಒಯ್ದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ವೈನಿ, ಸರ್ ಬೆರಳು ತಪ್ಪಿಲ್ಲರಿ."

"ಏನಂದ್ರಿ?"

"ಅವತ್ತ ಅವರು ಬರಾಬರ್ ಒತ್ಯಾರ. ಪ್ರೋಗ್ರಾಮಿನ್ಯಾಗ ನಾ ತಪ್ಪು ಮಾಡಿದ್ದೆ. ಒತ್ತಿದ್ದೆಲ್ಲಾ ಬ್ಯಾರೆ ಕಿಟಕಿಗೆ ಹೋಗ್ಯಾದ."

ಕಂಪ್ಯೂಟರ್ ಹೊರಗೆ ತೆಗೆದು ಆ ಮೂರೂವರೆ ಸಾಲು ತೋರಿಸಿದೆ. ಅವರು ಮಕ್ಕಳ ಬರಹ ತಿದ್ದುವ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೊನೆಯವರೆಗೆ ನೋಡಿದರು.

"ಇದು ನಿಮಗ ಯಾವಾಗ ಗೊತ್ತಾತು?"

"ಮರುದಿನ."

"ಯಾವುದರ ಮರುದಿನ?"

"ದವಾಖಾನಿಗೆ ಸೇರಿಸಿದ ಮರುದಿನರಿ."

ಅವರು ಬೆರಳ ಗೆಣ್ಣಿನ ಮೇಲೆ ಎಣಿಸಿದರು. "ಹನ್ನೊಂದು ದಿನ. ಇವರು ಹೇಳಾಕ ಹತ್ತಿದ್ರು, ನಾ ಬೆರಳು ಅಂಗೈಯಾಗ ಒತ್ತಿ ಹಿಡದೆ, ಗಪ್ಪ ಇರ್ರಿ ಅಂತ. ನೀವು ಸ್ಟೂಲಿನ ಮ್ಯಾಲ ಕೂತು ನೋಡಿದ್ರಿ."

"ಹೌದ್ರಿ."

"ಚಾ ಕುಡದ್ರಿ."

"ಕುಡದೆ."

"ಬಾಯಿ ಎಲ್ಲಿ ಇಟ್ಟು ಬಂದಿದ್ರಿ ಹಂಗಾರ?"

ಸರ್ ಹಾಸಿಗೆ ಅದೇ ಕೋಣೆಯಲ್ಲಿತ್ತು, ಅವರಿಗೆ ಎಲ್ಲ ಕೇಳಿಸಿತು. ನಾನು ಆ ಕಡೆ ನೋಡಲಿಲ್ಲ.

ವೈನಿಯೇ ಕೀಬೋರ್ಡನ್ನು ಒರೆಸಿ ಅವರ ಕೈಕೆಳಗಿಟ್ಟರು. ನಾನು ತಂತಿ ಜೋಡಿಸಿದೆ. ಸರ್ ಪ್ರಯತ್ನಿಸಿದರು. ಬೆರಳು ಕೀಯ ಮೇಲೆ ಕೂತಿತು, ಕೀ ಕೆಳಗಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಒಂದು 'ಹ' ಬಂತು. ಅದಾದ ಮೇಲೆ ಏನೂ ಬರಲಿಲ್ಲ. ಅದು ಯಾವ ಮಾತಿನ ಮೊದಲಕ್ಷರವೆಂದು ನಮಗೆ ಗೊತ್ತಾಗಲಿಲ್ಲ. ಮುಂದಿನ ಎರಡು ದಿನ ವೈನಿ ಮುಂಜಾನೆ, ಸಂಜೆ ಕೀಬೋರ್ಡ್ ಇಟ್ಟು ನೋಡಿದರಂತೆ. ಆ ಒಂದಕ್ಷರವೂ ಬರಲಿಲ್ಲ.

ಡಾಕ್ಟರನ್ನು ನಾನೇ ಹೋಗಿ ಕೇಳಿದೆ. ಬಳಸದೇ ಬಿಟ್ಟದ್ದರಿಂದ ಬೆರಳು ಹೋದದ್ದಲ್ಲ, ಸೋಂಕಿನ ಮೇಲೆ ಕಾಯಿಲೆ ಮುಂದೆ ಹೋಗಿದೆ, ಇಂದಲ್ಲ ನಾಳೆ ಹೋಗುವುದೇ ಇತ್ತು ಎಂದರು. ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದಿರಬೇಕು. ಆದರೆ ದವಾಖಾನೆಯಲ್ಲಿ ಅದು ಹೊದಿಕೆಯ ಮೇಲೆ ಒತ್ತುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಆ ಬೆರಳಿಗೆ ಉಳಿದಿದ್ದ ದಿನಗಳು ಅವೇ, ಅವನ್ನು ಅವರು ಬಟ್ಟೆಯ ಮೇಲೆ ಕಳೆದರು.

ಈಗ ಒಂದು ರಟ್ಟಿನ ಮೇಲೆ ಅಕ್ಷರಮಾಲೆ ಬರೆದಿದೆ. ವೈನಿ ಸಾಲು ತೋರಿಸುತ್ತ ಹೋಗುತ್ತಾರೆ, ಬೇಕಾದ ಅಕ್ಷರ ಬಂದಾಗ ಸರ್ ಕಣ್ಣು ಗಟ್ಟಿಯಾಗಿ ಮುಚ್ಚುತ್ತಾರೆ. ಅದರ ಮೇಲೆ ಅವರು ಮೊದಲು ಹೇಳಿದ್ದು 'ಸಾಲಿಗೆ ಹೋಗು' ಎಂದು. "ಹೋಗೂದಿಲ್ಲ, ನೀವು ಗಪ್ಪ ಇರ್ರಿ," ಎಂದ ವೈನಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದರು. ಅವರು ಈವರೆಗೆ ಶಾಲೆಗೆ ಹೋಗಿಲ್ಲ. ರಟ್ಟು ಹಿಡಿಯಲು ಎದುರಿಗೆ ಒಬ್ಬರು ಇರಲೇಬೇಕು. ರಟ್ಟಿನಿಂದ ಯಾರನ್ನೂ ಕರೆಯಲು ಆಗುವುದಿಲ್ಲ.

ನಾನು ಬರುವುದು ಬೇಡ ಎಂದಿದ್ದರೆ ನಿಲ್ಲಿಸುತ್ತಿದ್ದೆ. ಎರಡನೆಯ ಭಾನುವಾರ ಸರ್ ರಟ್ಟಿನ ಮೇಲೆ ವೈನಿಗೆ 'ಓದಿಸು' ಎಂದರು. ಅಂದಿನಿಂದ ದಾಖಲೆಯನ್ನು ಮೊದಲಿನಿಂದ ಗಟ್ಟಿಯಾಗಿ ಓದುತ್ತೇನೆ. ಸರಿಯಿದ್ದರೆ ಕಣ್ಣು ಒಮ್ಮೆ ಮುಚ್ಚುತ್ತಾರೆ, ತಪ್ಪಿದ್ದರೆ ಎರಡು ಸಲ. ಎರಡನೆಯ ಭಾಗದಲ್ಲಿ ಇನ್ನೂ ಒಂದು ತಪ್ಪು ಸಿಕ್ಕಿತು, ಸಣ್ಣದು. ಒಂದು ಭಾನುವಾರಕ್ಕೆ ಅರ್ಧ ಪುಟ ಆಗುತ್ತದೆ. ನಡುವೆ ಕಫ ಎಳೆಯಲು ನಿಲ್ಲಿಸಬೇಕಾಗುತ್ತದೆ.

ಕಳೆದ ಭಾನುವಾರ ಐದನೆಯ ಭಾಗ ಮುಗಿಯಿತು. ತಿದ್ದಿದ ವಾಕ್ಯ ಹೀಗಿದೆ: 'ಒಂದು ಕಿಟಕಿ ಹೋದರೆ ಗಮನ, ಉಳಿದವುಗಳಲ್ಲಿ ಕೊನೆಗೆ ಮುಟ್ಟಿದ ಕಿಟಕಿಗೆ ಬರುತ್ತದೆ.' ಅಣ್ಣತಮ್ಮಂದಿರ ಹೋಲಿಕೆಯನ್ನು ಅಲ್ಲಿಂದ ತೆಗೆದಿದ್ದೇನೆ. ವೈನಿ ಯಂತ್ರದ ಕೊಳವೆಯನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

"ಅದs ಏನ್ರಿ?"

"ಹೌದ್ರಿ, ಅದs."

"ಇನ್ನೊಮ್ಮೆ ಓದ್ರಿ."

ಓದಿದೆ. ಸರ್ ಕಣ್ಣು ಮುಚ್ಚಿದರು, ಒಂದೇ ಸಲ. ವೈನಿ ಅವರ ಮುಖವನ್ನು ನೋಡಿದರು, ನನ್ನ ಕಡೆ ನೋಡಲಿಲ್ಲ.

"ಹೌದು ಅಂದ್ರು. ಮುಂದ ಹೋಗ್ರಿ."

ಮುಂದಿನದು ಕೀಗಳ ಭಾಗ, ಯಾವ ಬೆರಳಿಗೆ ಯಾವ ಕೀ ಎಂಬುದು. ಅದರ ಮೊದಲ ವಾಕ್ಯವನ್ನು ಓದಿದೆ.